ಬೋಲ್ಟಿಗೆ ಇಟ್ಟ ಕುಂಕುಮ

"ಒಂದು ತಪ್ಪು ತಿದ್ದಿದರೆ ಇನ್ನೊಂದು ಏಳುತ್ತದೆ. ಅದನ್ನು ತಿದ್ದಿದರೆ ಮತ್ತೊಂದು. ಎಲ್ಲಿಂದ ಶುರು ಮಾಡಲಿ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಕೊಟ್ರೇಶಿ. ಊರಿನಲ್ಲಿ ಅವನದೊಂದು ಮಂಡಕ್ಕಿ ಹುರಿಯುವ ಭಟ್ಟಿ ಇತ್ತು. ಗುರು ಎಂದರೆ ಮಠದವರಲ್ಲ. ನಲವತ್ತು ವರ್ಷ ನಟ್ಟು ಬೋಲ್ಟಿನ ಅಂಗಡಿ ನಡೆಸಿ ಬಿಟ್ಟ ಮುರಿಗೆಪ್ಪನವರು. ಅಮಾವಾಸ್ಯೆಗೆ ಅಂಗಡಿ ತೆರೆಯದ ಎಳೆಯ ವರ್ತಕರು ಅಂದು ಅವರ ಜಗಲಿಗೆ ಬಂದು ಕೂರುತ್ತಿದ್ದರು. ಒಬ್ಬೊಬ್ಬರೂ ಒಂದೊಂದು ರೋಗ ತರುತ್ತಿದ್ದರು. ಎಲ್ಲರಿಗೂ ಮದ್ದು ಬೇಕಿತ್ತು, ಪಥ್ಯ ಬೇಡವಾಗಿತ್ತು. ಮುರಿಗೆಪ್ಪನವರಿಗೆ ಅದು ಸಾಕಾಗಿ ಹೋಗಿತ್ತು.

"ಬಿಡಿಸಿ ಹೇಳು" ಎಂದರು.

"ಯುಗಾದಿ ಆದ್ಮೇಲೆ ಮೊದಲು ಮಂಡಕ್ಕೀಲಿ ಉಪ್ಪು ಜಾಸ್ತಿ ಆಯ್ತು. ಉಪ್ಪುನೀರು ಹಾಕೋನನ್ನ ಬದಲಿಸಿದೆ. ಆಮೇಲೆ ಸರಿಯಾಗಿ ಅರಳಲಿಲ್ಲ. ಅಕ್ಕಿ ಕೊಡೋರನ್ನ ಬದಲಿಸಿದೆ. ಆಮೇಲೆ ಮಂಡಕ್ಕೀಲಿ ಹುರಿಯೋ ಮರಳು ಸಿಗೋಕೆ ಶುರುವಾಯ್ತು. ಜರಡಿ ಬದಲಿಸಿದೆ, ಜರಡಿ ಹಿಡಿಯೋನನ್ನೂ ಬದಲಿಸಿದೆ. ಈಗ ಕರಕಲಾಗಿ ಬರ್ತಾ ಐತೆ. ಹುರಿಯೋನು ದಾದಾಪೀರ್, ನಮ್ಮಪ್ಪನ ಕಾಲದೋನು. ಅಂಥ ಕೈ ಈ ಊರಲ್ಲಿ ಇನ್ನೊಂದಿಲ್ಲ, ಅದೂ ಗೊತ್ತು. ಆದ್ರೆ ನಾಳೆ ಅವನಿಗೂ ಬರಬ್ಯಾಡ ಅಂತ ಹೇಳೋದೇ ಅಂತ ಮಾಡೀನಿ. ನೀವು ಹೂಂ ಅಂದ್ರೆ ಸಾಕು."

"ನೀನು ಭಟ್ಟೀಲಿ ಇರ್ತೀಯೋ ಇಲ್ಲವೋ?"

"ಅಲ್ಲೇ ಇರ್ತೀನಿ ಅಜ್ಜಾರೆ. ಯುಗಾದಿಗೆ ಗಾಜಿನ ಕೋಣೆ ಮಾಡಿಸಿದೆನಲ್ಲ. ಒಳಗೆ ತಣ್ಣಗಿರ್ತದೆ. ಕೂತ್ರೆ ಇಡೀ ಭಟ್ಟಿ ಕಾಣ್ತದೆ. ಮಸಿ ಕೈಯಲ್ಲಿ ಮುಟ್ಟಬ್ಯಾಡಿ ಅಂತ ಬಾಗಿಲ ಮೇಲೆ ಬೋರ್ಡನ್ನೂ ಹಾಕ್ಸೀನಿ. ಇಷ್ಟು ಕಣ್ಣಿಟ್ಟರೂ ಹಿಂಗಾದ್ರೆ ನಾನೇನು ಮಾಡ್ಲಿ?"

ಮುರಿಗೆಪ್ಪನವರು ಎಲೆಗೆ ಸುಣ್ಣ ಸವರಿದರು. ಹೂಂ ಎನ್ನಲಿಲ್ಲ.

"ಒಂದು ಲಾರಿ ಕೆಟ್ಟ ಕತೆ ಹೇಳ್ತೀನಿ. ಮಧ್ಯೆ ಬಾಯಿ ಹಾಕಬ್ಯಾಡ" ಎಂದರು.

ಒಬ್ಬ ಲಾರಿಯವನಿದ್ದ. ಲಾರಿಯೂ ಅವನದೇ, ಓಡಿಸುವವನೂ ಅವನೇ. ಅವನ ಊರಿನವರು ರೇಷ್ಮೆ ಬೆಳೆಯುತ್ತಿದ್ದರು. ಊರಿನ ಗೂಡನ್ನೆಲ್ಲ ಮಾರುಕಟ್ಟೆಗೆ ಮುಟ್ಟಿಸುವುದು ಅವನ ಕೆಲಸ.

ಗೂಡು ಕಾಯುವ ಸರಕಲ್ಲ. ಅಕ್ಕಿ ಕಾಯುತ್ತದೆ, ಕಬ್ಬಿಣ ಕಾಯುತ್ತದೆ. ಗೂಡಿನೊಳಗೆ ಹುಳು ಕೂತು ದಿನ ಎಣಿಸುತ್ತಿರುತ್ತದೆ. ದಿನ ತುಂಬಿದರೆ ಚಿಟ್ಟೆಯಾಗಿ ಗೂಡನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ಬಿಚ್ಚಲು ಬರುವುದಿಲ್ಲ. ಇಪ್ಪತ್ತೈದು ದಿನ ಹಗಲು ರಾತ್ರಿ ಸೊಪ್ಪು ಹಾಕಿದ್ದು ಒಂದೇ ತೂತಿನಲ್ಲಿ ಹೋಯಿತು.

ಆ ವರ್ಷ ಆಯುಧಪೂಜೆಗೆ ಲಾರಿಯವನು ಬಣ್ಣ ಹೊಡೆಸಿದ. ಹಬ್ಬಕ್ಕೆ ಎಲ್ಲರೂ ಹೊಡೆಸುತ್ತಾರೆ. ಅವರು ಕಾಣುವ ಕಡೆ ಹೊಡೆಸುತ್ತಾರೆ. ಇವನಿಗೆ ಅಷ್ಟು ಸಾಲಲಿಲ್ಲ. ಕ್ಯಾಬಿನ್ನಿನ ಅಡಿಗೆ ಹೊಡೆಸಿದ. ಲಾರಿಯ ತಳದ ಚೌಕಟ್ಟು, ಚಾಸಿಗೆ ಹೊಡೆಸಿದ. ಬಿಚ್ಚಲು ಬರುವುದನ್ನೆಲ್ಲ ಬಿಚ್ಚಿಸಿ ಅದರ ಹಿಂದೆಯೂ ಹೊಡೆಸಿದ. ನೀಲಿ ಬಣ್ಣ, ಮೂರು ಕೋಟು. ಪೂಜೆಯ ದಿನ ಲಾರಿಯ ಕೆಳಗೆ ಮಲಗಿ ಒಂದೊಂದು ಬೋಲ್ಟಿನ ತಲೆಗೂ ಕುಂಕುಮವಿಟ್ಟ. ಊರೆಲ್ಲ ಬಗ್ಗಿ ಬಗ್ಗಿ ನೋಡಿತು. ಅವನು ಮದುಮಗಳ ಅಪ್ಪನ ಹಾಗೆ ಪಕ್ಕದಲ್ಲಿ ನಿಂತಿದ್ದ.

ದೀಪಾವಳಿ ಕಳೆಯಿತು. ಬೆಳೆ ಬಂತು. ಹದಿನಾರು ಮನೆಯ ಗೂಡು. ಅದರಲ್ಲಿ ಅವನ ತಂಗಿಯ ಮನೆಯದೂ ಒಂದು. ಹಳ್ಳದ ನೀರು ಇಳಿಯಲು ಕಾದು ಆಗಲೇ ಎರಡು ದಿನ ತಡವಾಗಿತ್ತು. ಮರುದಿನ ಬೆಳಗಿನ ಹರಾಜಿಗೆ ಮುಟ್ಟಿಸಲೇಬೇಕು. ಇನ್ನೂ ಒಂದು ದಿನ ತಡವಾದರೆ ಚಿಟ್ಟೆ ತಡೆಯುವುದಿಲ್ಲ.

ನಸುಕಿನಲ್ಲಿ ಹೊರಟ. ದಾರಿಯಲ್ಲಿ ಮಂಜಿತ್ತು. ದೀಪ ಹಾಕಿದ. ದೀಪ ಎಣ್ಣೆ ತೀರಿದ ಹಣತೆಯ ಹಾಗೆ ಉರಿಯಿತು. ಹಾರನ್ ಒತ್ತಿದ. ಹಾರನ್ ಕೆಮ್ಮಿತು, ಇದ್ದ ದೀಪವೂ ಮಂಕಾಯಿತು. ಎಡಕ್ಕೆ ಇಂಡಿಕೇಟರ್ ಹಾಕಿದರೆ ಬಲಗಡೆಯದೂ ಮಿಣುಕಿತು. ವೈಪರ್ ಹಾಕಿದರೆ ಎಲ್ಲವೂ ಆರಿತು.

ಸಂಜೆಯ ಮೇಲೆ ಘಾಟಿ ಇಳಿಯಬೇಕಿತ್ತು. ದೀಪವಿಲ್ಲದೆ ಹೇರಿದ ಲಾರಿಯನ್ನು ಘಾಟಿ ಇಳಿಸುವುದು ಆಗದ ಮಾತು. ಹೆದ್ದಾರಿಯ ಒಂದು ಪೇಟೆಯಲ್ಲಿ ಲಾರಿ ರಿಪೇರಿಯ ಮೇಸ್ತ್ರಿಯೊಬ್ಬನ ಶೆಡ್ಡಿನ ಮುಂದೆ ಲಾರಿ ನಿಲ್ಲಿಸಿದ. ಆಗಿನ್ನೂ ಬೆಳಗಿನ ತಿಂಡಿಯ ಹೊತ್ತು.

ಮೇಸ್ತ್ರಿ ಕೆಲಸ ಬಲ್ಲವನು. ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನೆಟ್ಟಗೆ ಕ್ಯಾಬಿನ್ನಿನ ಅಡಿಗೆ ತೂರಿದ. ಅಲ್ಲೊಂದು ಬೋಲ್ಟಿನ ಮೇಲೆ ಸ್ಪ್ಯಾನರ್ ಇಟ್ಟ. ಲಾರಿಯವನು ಅವನ ಮಣಿಕಟ್ಟು ಹಿಡಿದ.

"ಅದು ಗಟ್ಟಿಯಾಗೈತೆ ಮೇಸ್ತ್ರಿ. ಮುಂದೆ ನಿಂತು ಹಾಕ್ಸಿರೋದು. ಹಬ್ಬದ ಬಣ್ಣ, ಕೀಳಬ್ಯಾಡ. ಕೆಟ್ಟಿರೋದು ದೀಪ, ದೀಪ ನೋಡು."

"ಒಂದ್ಸಲ ಬಿಚ್ಚಿ ನೋಡ್ತೀನಿ ಅಷ್ಟೆ."

"ಕುಂಕುಮ ಇಟ್ಟಿರೋ ಬೋಲ್ಟು ಅದು. ನಿನ್ನ ಕಣ್ಣಿಗೆ ಬ್ಯಾರೆ ಏನೂ ಕಾಣಲ್ವಾ?"

ಮೇಸ್ತ್ರಿ ಬೋಲ್ಟನ್ನು ಬೆರಳಿನಿಂದ ಅಲ್ಲಾಡಿಸಿದ. ಅಲ್ಲಾಡಲಿಲ್ಲ. ಇಡೀ ಲಾರಿಯಲ್ಲಿ ಅಷ್ಟು ಚೆನ್ನಾಗಿ ಕಾಣುವ ಬೋಲ್ಟು ಇನ್ನೊಂದಿರಲಿಲ್ಲ. ಲಾರಿ ಯಾರದೋ, ಮಾತೂ ಅವರದೇ ಎಂದುಕೊಂಡು ಹೊರಗೆ ಬಂದ. ದೀಪ ನೋಡಿದ.

ಅಲ್ಲಿಂದ ಶನಿ ಹೆಗಲೇರಿತು.

ದೀಪದ ಬಲ್ಬು ಬದಲಿಸಿದ. ಹೊಸ ಬಲ್ಬೂ ಮಂಕಾಗಿಯೇ ಉರಿಯಿತು. ಸ್ವಿಚ್ಚು ಬದಲಿಸಿದ. ಎರಡು ನಿಮಿಷ ಸರಿಯಾಯಿತು. ಲಾರಿಯವನು ನಕ್ಕು ಚಹಾ ತರಿಸಿದ. ಚಹಾ ಬರುವಷ್ಟರಲ್ಲಿ ದೀಪ ಮತ್ತೆ ಮಲಗಿತು. ಹಾರನ್ನಿಗೆ ಹೊಸ ತಂತಿ ಎಳೆದ. ಹಾರನ್ ಕೂಗಿತು, ಇಂಡಿಕೇಟರ್ ನಿಂತಿತು. ಇಂಡಿಕೇಟರಿನ ಡಬ್ಬಿ ಬದಲಿಸಿದ. ಅದು ಮಿಣುಕಿತು, ಅದರ ಜೊತೆಗೆ ವೈಪರೂ ತಾನಾಗಿ ಕುಂಟಿತು. ಫ್ಯೂಸು ಹಾಕಿದ. ಹೋಯಿತು. ಮತ್ತೆ ಹಾಕಿದ. ಇಷ್ಟರ ಮಧ್ಯೆ ಎಲ್ಲಿಂದಲೋ ಸುಟ್ಟ ವಾಸನೆ. ಹುಡುಕಿದರೆ ಆಕ್ಸಿಲರೇಟರ್ ಕೇಬಲ್ಲು ಮುಟ್ಟಲಾಗದಷ್ಟು ಕಾದಿತ್ತು. ಕರೆಂಟಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಮೇಸ್ತ್ರಿ ಅದನ್ನೂ ಬದಲಿಸಿದ. ಹೊಸದೂ ಕಾಯಿತು.

ತಂತಿಯ ಗೋಳು ಒಂದು ಕಡೆ. ತಂತಿ ಮುಟ್ಟಬೇಕಾದರೆ ತಗಡು ಬಿಚ್ಚಬೇಕು. ತಗಡು ಬಿಚ್ಚಬೇಕಾದರೆ ಬೋಲ್ಟು ತಿರುಗಬೇಕು. ಬೋಲ್ಟುಗಳೆಲ್ಲ ಮೂರು ಕೋಟಿನ ಕೆಳಗೆ ಅಂಟಿಕೊಂಡಿದ್ದವು. ಲಾರಿಯವನು ಪಕ್ಕದಲ್ಲೇ ನಿಂತು, ಬಣ್ಣ, ಬಣ್ಣ ಎನ್ನುತ್ತಿದ್ದ. ಮೇಸ್ತ್ರಿ ರೋಸಿಹೋಗಿ ಸ್ಪ್ಯಾನರಿನ ಬಾಯಿಗೆ ಬಟ್ಟೆ ಸುತ್ತಿದ. ಬಟ್ಟೆ ಸುತ್ತಿದ ಸ್ಪ್ಯಾನರಿಗೆ ಹಿಡಿತವೆಲ್ಲಿಯದು. ಜಾರಿತು. ಬೋಲ್ಟಿನ ಮೂಲೆಗಳು ಸವೆದವು. ಸವೆದದ್ದಕ್ಕೆ ಪೈಪು ಸಿಕ್ಕಿಸಿ ಎಳೆದ. ತಲೆ ಕಿತ್ತುಬಂತು, ಮುಂಡ ಒಳಗೇ ಉಳಿಯಿತು. ಮುಂಡ ತೆಗೆಯಲು ಅದಕ್ಕೆ ತೂತು ಕೊರೆದು, ಅದರೊಳಗೆ ಮುಂಡವನ್ನು ಕಚ್ಚಿ ತಿರುಗಿಸುವ ತಿರುಪಿನ ಕಡ್ಡಿ ಹಾಕಿದ. ಆ ಕಡ್ಡಿಯೂ ಮುರಿದು ಒಳಗೆ ಕೂತಿತು. ಬೋಲ್ಟು ಮೆದು ಕಬ್ಬಿಣ. ಅದನ್ನು ತೆಗೆಯಲು ಹೋದದ್ದು ಉಕ್ಕು. ಇನ್ನು ಅಲ್ಲಿ ಯಾವ ಡ್ರಿಲ್ಲೂ ಇಳಿಯುವುದಿಲ್ಲ.

ಲಾರಿಯವನು ಹೊಸ ಬೋಲ್ಟಿಗೆ ಎದುರಿನ ಅಂಗಡಿಗೆ ಓಡಿದ. ಅಲ್ಲೊಬ್ಬ ಬೋಲ್ಟಿನ ವ್ಯಾಪಾರಿ ಇದ್ದ. ನಾಲ್ಕು ಕೊಟ್ಟ. ಸ್ವಲ್ಪ ಹೊತ್ತಿಗೆ ಲಾರಿಯವನು ಮತ್ತೆ ಬಂದ. ಮತ್ತೆ ನಾಲ್ಕು. ಹೊಸ ಬೋಲ್ಟು ಹಾಕಿದರೆ, ತೂತಿನೊಳಗೂ ಬಣ್ಣ ಗಟ್ಟಿಯಾಗಿ ಅದು ಅರ್ಧಕ್ಕೆ ಕಚ್ಚಿಕೊಳ್ಳುತ್ತಿತ್ತು. ಬಟ್ಟೆ ಸುತ್ತಿದ ಸ್ಪ್ಯಾನರಿನಿಂದ ಎಳೆದಾಡಿದರೆ ಅದೂ ಮುರಿಯುತ್ತಿತ್ತು. ಮೂರನೆಯ ಸಲ ಬಂದಾಗ ಹೊತ್ತು ಇಳಿದಿತ್ತು. ಲಾರಿಯವನ ಕೈಯಲ್ಲಿ ಮುರಿದ ಚೂರುಗಳಿದ್ದವು.

"ಮೇಸ್ತ್ರಿ ಕೇಳ್ದ, ನೀವು ಮಾರೋದು ಕಬ್ಬಿಣಾನೋ ಕಡ್ಲೆಮಿಠಾಯೋ ಅಂತ."

ಒಂದೇ ದಿನ ಒಂದೇ ಲಾರಿಗೆ ಮೂರು ಸಲ ಬೋಲ್ಟು ಮಾರಿದ ವ್ಯಾಪಾರಿ ಸಂತೋಷಪಡಬೇಕಿತ್ತು. ಅವನಿಗೆ ಉರಿದುಹೋಯಿತು. ತನಗೆ ಬೈದರೆ ಅವನು ನುಂಗಿಕೊಳ್ಳುತ್ತಿದ್ದ. ಸರಕಿಗೆ ಬೈದರೆ ಬಿಡುವವನಲ್ಲ. ಮುರಿದ ಚೂರನ್ನು ಬೆಳಕಿಗೆ ಹಿಡಿದು ನೋಡಿದ. ತಿರುಚಿ ಮುರಿದಿತ್ತು. ತಿರುಪಿನ ಹಲ್ಲಿನ ಸಂದಿಯಲ್ಲೆಲ್ಲ ನೀಲಿ ಬಣ್ಣ. ಚಪ್ಪಲಿ ಮೆಟ್ಟಿ ಶೆಡ್ಡಿಗೇ ನಡೆದ.

ಅಲ್ಲಿ ಲಾರಿಯ ಹೊಟ್ಟೆಯೆಲ್ಲ ಹೊರಗಿತ್ತು. ಡ್ಯಾಶ್‌ಬೋರ್ಡು ನೇತಾಡುತ್ತಿತ್ತು. ತಂತಿಗಳು ಸಂತೆಯ ಶಾವಿಗೆಯ ಹಾಗೆ ಹರವಿದ್ದವು. ಮೇಸ್ತ್ರಿ ಸ್ಪ್ಯಾನರ್ ಹಿಡಿದು ಕುಕ್ಕರುಗಾಲಲ್ಲಿ ಕೂತಿದ್ದ. ವ್ಯಾಪಾರಿ ಸ್ಪ್ಯಾನರಿನ ಬಟ್ಟೆ ನೋಡಿದ.

"ಯಾಕೆ ಮೇಸ್ತ್ರಿ, ಸ್ಪ್ಯಾನರಿಗೇನು ಗಾಯ ಆಗೈತಾ?"

"ನನ್ನ ಕೇಳಬ್ಯಾಡ. ಅಗೋ, ಬೀಗರು ನಿಂತವ್ರೆ, ಅವರನ್ನ ಕೇಳು."

ವ್ಯಾಪಾರಿ ಲಾರಿಯವನ ಕಡೆ ತಿರುಗಿದ. ಅವನಿಗೆ ಕರೆಂಟಿನ ವಿಷಯ ಗೊತ್ತಿರಲಿಲ್ಲ. ಆದರೆ ಗಿರಾಕಿ ಕೆಟ್ಟ ಮಾಲು ವಾಪಸು ತಂದಾಗ ಮೊದಲು ಏನು ಕೇಳಬೇಕು ಎಂಬುದು ಗೊತ್ತಿತ್ತು.

"ಇದು ಯಾವಾಗಿಂದ ಹಿಂಗೆ?"

"ಇವತ್ತು ಬೆಳಿಗ್ಗೆಯಿಂದ."

"ಅದಕ್ಕೂ ಮುಂಚೆ?"

"ಹಬ್ಬ ಆದ್ಮೇಲೆ ಒಂದೆರಡು ಸಲ ಹಾರನ್ ಕೂಗಿರ್ಲಿಲ್ಲ. ತೇವಕ್ಕೆ ಇರ್ಬೇಕು ಅಂದ್ಕೊಂಡೆ."

"ಹಬ್ಬಕ್ಕೂ ಮುಂಚೆ?"

"ಹಬ್ಬಕ್ಕೂ ಮುಂಚೆ ಎಲ್ಲಾ ಸರಿ ಇತ್ತು. ಬರೀ ಬಣ್ಣ ಹೋಗಿತ್ತು."

ಹೇಳಿದವನಿಗೆ ತನ್ನ ಮಾತು ತನಗೇ ಕೇಳಿಸಿತು.

ಮೇಸ್ತ್ರಿ ಎದ್ದು ನಿಂತ. ಸ್ಪ್ಯಾನರಿಗೆ ಸುತ್ತಿದ ಬಟ್ಟೆಯನ್ನು ಬಿಚ್ಚಿ ಲಾರಿಯವನ ಕೈಗೆ ಕೊಟ್ಟ. ಬೆಳಿಗ್ಗೆ ಮೊದಲು ಕೈಯಿಟ್ಟಿದ್ದ ಬೋಲ್ಟಿನ ಹತ್ತಿರಕ್ಕೆ ಹೋದ. ಈ ಸಲ ಯಾರೂ ಮಣಿಕಟ್ಟು ಹಿಡಿಯಲಿಲ್ಲ.

ಕೇಳು. ಬ್ಯಾಟರಿಯಿಂದ ಹೊರಟ ಕರೆಂಟು ದೀಪ ಹೊತ್ತಿಸಿ ಅಲ್ಲೇ ಕೂರುವುದಿಲ್ಲ. ಮರಳಿ ಬ್ಯಾಟರಿಗೇ ಬರಬೇಕು. ಬಂದರೇ ಕೆಲಸ. ಹೋಗುವುದಕ್ಕೆ ತಂತಿ ದಾರಿ. ಬರುವುದಕ್ಕೆ ಲಾರಿಯ ಕಬ್ಬಿಣದ ಮೈಯೇ ದಾರಿ. ಕ್ಯಾಬಿನ್ನು ರಬ್ಬರಿನ ಮೇಲೆ ಕೂತಿರುತ್ತದೆ. ರಬ್ಬರಿನಲ್ಲಿ ಕರೆಂಟು ಹಾಯುವುದಿಲ್ಲ. ಅದಕ್ಕೆ ಕ್ಯಾಬಿನ್ನಿನಿಂದ ಚಾಸಿಗೆ ಒಂದು ತಾಮ್ರದ ಪಟ್ಟಿ ಹಾಕಿರುತ್ತಾರೆ. ಕ್ಯಾಬಿನ್ನಿನಿಂದ ಮರಳುವುದೆಲ್ಲ ಆ ಪಟ್ಟಿಯ ಮೇಲೆ ಮರಳಬೇಕು. ಪಟ್ಟಿಯನ್ನು ಚಾಸಿಗೆ ಒತ್ತಿ ಹಿಡಿದಿರುವುದು ಒಂದು ಬೋಲ್ಟು. ಆ ಬೋಲ್ಟು ಇದು.

ಬಣ್ಣದವನು ಲಾರಿಯವನ ಮಾತಿನಂತೆ ಪಟ್ಟಿ ಬಿಚ್ಚಿ, ಅದರ ಹಿಂದೆಯೂ ಮೂರು ಕೋಟು ಹೊಡೆದು, ಒಣಗಿದ ಮೇಲೆ ಬಿಗಿಯಾಗಿ ಕೂರಿಸಿದ್ದ. ಪಟ್ಟಿ ಇತ್ತು, ಬೋಲ್ಟು ಇತ್ತು, ಬಿಗಿ ಇತ್ತು. ಕಬ್ಬಿಣಕ್ಕೆ ತಾಮ್ರ ತಾಗುತ್ತಿರಲಿಲ್ಲ. ಬೋಲ್ಟಿನ ಹಲ್ಲಿನ ಸಂದಿಯಲ್ಲಿ ಅಲ್ಲೊಂದು ಇಲ್ಲೊಂದು ಕಡೆ ಬಣ್ಣ ಹರಿದು ಸ್ವಲ್ಪ ದಿನ ನಡೆಯಿತು. ಆಮೇಲೆ ಅದೂ ನಿಂತಿತು. ದಾರಿ ಮುಚ್ಚಿದರೆಂದು ಕರೆಂಟು ಮನೆಗೆ ಬರದೆ ಇರುತ್ತದೆಯೇ? ಬಲಗಡೆಯ ಇಂಡಿಕೇಟರಿನೊಳಗೆ ನುಗ್ಗಿ ಬಂತು. ವೈಪರಿನೊಳಗೆ ನುಗ್ಗಿ ಬಂತು. ಏನೂ ಸಿಗದಿದ್ದಾಗ ಆಕ್ಸಿಲರೇಟರ್ ಕೇಬಲ್ಲು ಹಿಡಿದು ಬಂತು. ಮೇಸ್ತ್ರಿ ಬೆಳಗಿನಿಂದ ಬದಲಿಸಿದ್ದು ಕೆಟ್ಟ ಸಾಮಾನನ್ನಲ್ಲ. ಕೆಟ್ಟ ಹಾದಿಯಲ್ಲಿ ಸಿಕ್ಕ ಒಳ್ಳೆಯ ಸಾಮಾನನ್ನು.

ಬರಿಯ ಸ್ಪ್ಯಾನರಿಗೆ ಬೋಲ್ಟು ಒಂದೇ ಎಳೆತಕ್ಕೆ ಬಿಟ್ಟುಕೊಟ್ಟಿತು. ಮೇಸ್ತ್ರಿ ಗರಗಸದ ಚೂರಿನಿಂದ ಬಣ್ಣ ಕೆರೆದ. ಅಂಗೈ ಅಗಲದ ಜಾಗವೂ ಅಲ್ಲ, ಒಂದು ಬಿಲ್ಲೆಯಷ್ಟು. ಕಬ್ಬಿಣ ಬೆಳ್ಳಗೆ ಕಂಡಿತು. ಪಟ್ಟಿ ಕೂರಿಸಿ ಬಿಗಿದ. ದೀಪ ಹಾಕಿದರೆ ಎದುರಿನ ಅಂಗಡಿಯ ಗೋಡೆ ಬೆಳಗಿತು. ಹಾರನ್ನಿಗೆ ರಸ್ತೆಯ ನಾಯಿ ಎದ್ದು ಓಡಿತು. ಎಡದ್ದು ಎಡಕ್ಕೆ ಮಿಣುಕಿತು, ಬಲದ್ದು ಬಲಕ್ಕೆ.

ಎಲೆ ಅಡಿಕೆ ಅಗಿಯುವಷ್ಟು ಹೊತ್ತಿನ ಕೆಲಸ.

ಆದರೆ ಆ ಕೆಲಸ ಮುಗಿದರೂ ದಿನದ ಕೆಲಸ ಮುಗಿಯಲಿಲ್ಲ. ಬಿಚ್ಚಿದ್ದನ್ನೆಲ್ಲ ಮುಚ್ಚಬೇಕಿತ್ತು. ಮುಚ್ಚಲು ಬೋಲ್ಟಿನ ತೂತುಗಳೇ ಉಳಿದಿರಲಿಲ್ಲ. ಅವುಗಳಲ್ಲಿ ಮುರಿದ ಮುಂಡಗಳು ಕೂತಿದ್ದವು. ಡ್ಯಾಶ್‌ಬೋರ್ಡನ್ನು ಹಗ್ಗದಿಂದ ಕಟ್ಟಿದರು. ಲಾರಿ ಹೊರಟಾಗ, ಆಗಲೇ ಘಾಟಿ ಇಳಿದು ಮುಗಿಸಬೇಕಾಗಿದ್ದ ಹೊತ್ತು. ಮರುದಿನ ಮಾರುಕಟ್ಟೆ ಮುಟ್ಟಿದಾಗ ಹರಾಜು ಮುಗಿದು ಕಸ ಗುಡಿಸುತ್ತಿದ್ದರು. ಮುಂದಿನ ಹರಾಜಿಗೆ ಅಲ್ಲೇ ಕಾದ. ಅದರ ಮಾರನೆಯ ಬೆಳಿಗ್ಗೆ ಕ್ರೇಟುಗಳನ್ನು ಇಳಿಸಿದರೆ ಆರು ಮನೆಯ ಗೂಡಿನ ಮೇಲೆ ಚಿಟ್ಟೆಗಳು ರೆಕ್ಕೆ ಒಣಗಿಸಿಕೊಳ್ಳುತ್ತಿದ್ದವು. ಆರರಲ್ಲಿ ತಂಗಿಯದೂ ಒಂದು.

ಊರಿಗೆ ಬಂದಾಗ ತಂಗಿ ಜಗಳವಾಡಲಿಲ್ಲ. ಲಾರಿಯ ಸುತ್ತ ಒಂದು ಸುತ್ತು ಬಂದಳು.

"ನಿನ್ನ ಲಾರಿ ಭಾಳ ಚಂದ ಐತಣ್ಣ. ನಮ್ಮ ಹುಳಕ್ಕೆ ನೋಡೋ ಪುರುಸೊತ್ತು ಇರ್ಲಿಲ್ಲ, ಅಷ್ಟೆ" ಎಂದಳು.

ಮುಂದಿನ ಬೆಳೆಗೆ ಊರಿನವರು ಬೇರೊಬ್ಬನ ಲಾರಿ ಕರೆಸಿದರು. ಅದಕ್ಕೆ ಬಣ್ಣವೆಂಬುದೇ ಇರಲಿಲ್ಲ.

ಮುರಿಗೆಪ್ಪನವರು ಕತೆ ನಿಲ್ಲಿಸಿ ಎಲೆ ಬಾಯಿಗಿಟ್ಟರು.

ಕೊಟ್ರೇಶಿ ಮುಂದಕ್ಕೆ ಸರಿದು ಕೂತ. "ಇದರಲ್ಲಿ ಮೇಸ್ತ್ರೀದೇ ತಪ್ಪು ಅಜ್ಜಾರೆ" ಎಂದ. "ಎಲ್ಲಿ ಕೆಟ್ಟೈತೆ ಅಂತ ಅವನಿಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು ಕಂಡಕಂಡದ್ದನ್ನು ಬದಲಿಸಿದ. ಅಂಥೋನನ್ನ ನಾನಾಗಿದ್ರೆ ಅವತ್ತೇ ಅಟ್ಟಿಬಿಡ್ತಿದ್ದೆ."

"ಬಾಯಿ ಮುಚ್ಚಿರಲಿಲ್ಲ. ಒಂದು ಸಲ ಹೇಳಿದ. ಬ್ಯಾಡ ಅನ್ನಿಸಿಕೊಂಡ ಮೇಲೆ ಜನ ಎರಡನೇ ಸಲ ಹೇಳಲ್ಲ" ಎಂದರು ಮುರಿಗೆಪ್ಪನವರು. "ಅದಿರಲಿ. ಕರಕಲಾಗೋದಕ್ಕೆ ದಾದಾಪೀರ್ ಏನು ಕಾರಣ ಹೇಳ್ತಾನೆ?"

"ಅವನೇನೂ ಹೇಳೇ ಇಲ್ಲ."

"ನಿನ್ನ ಹತ್ರ ಬಂದೇ ಇಲ್ವಾ?"

"ಒಂದಿನ ಬಂದಿದ್ದ. ಗಾಜಿನ ಆಚೆ ನಿಂತು ಭಟ್ಟಿ ಕಡೆ ಏನೋ ಕೈ ಮಾಡಿ ತೋರಿಸ್ದ. ನಾನು ಫೋನಲ್ಲಿದ್ದೆ. ಬೋರ್ಡು ನೋಡಿದ, ತನ್ನ ಕೈ ನೋಡ್ಕೊಂಡ. ಹಂಗೇ ಹೋದ."

ಮುರಿಗೆಪ್ಪನವರು ಎದ್ದು ಜಗಲಿಯ ಅಂಚಿಗೆ ಹೋಗಿ ಎಲೆ ಉಗುಳಿ ಬಂದರು. ಕೂತರು. ಸಾವಕಾಶವಾಗಿ ಕೇಳಿದರು:

"ಕೊಟ್ರೇಶಿ, ನಿನ್ನ ಗಾಜಿನ ಮೇಲೆ ಕೊನೇ ಸಲ ಮಸಿ ಕೈಯ ಗುರುತು ಬಿದ್ದು ಎಷ್ಟು ದಿನ ಆಯ್ತು?"